ಚಾಳೀಸಿನ ಸಂಗಡ ಒಂದು ಪುಸ್ತಕ

ಮೊನ್ನೆ ಪಕ್ಕದ ಮನೆಯ ಬಾಣಂತಿ ಕೂಸಿಗೆಂದು ಬಜೆಬೇರು ತೇಯುತ್ತಿದ್ದಳು. ಆ ವಾಸನೆ ಗೋಡೆ ದಾಟಿ ನನ್ನ ಕೋಣೆಗೆ ಬಂತು. ಓದುತ್ತಿದ್ದ ಸಾಲನ್ನು ಅರ್ಧಕ್ಕೇ ಬಿಟ್ಟು ಎದ್ದೆ, ಕೂತೆ, ಮತ್ತೆ ಎದ್ದೆ. ಬಜೆ ಎಂದರೆ ಎಲ್ಲರಿಗೂ ತೊಟ್ಟಿಲು ನೆನಪಾಗಬೇಕು. ನನಗೆ ಪುಸ್ತಕ ನೆನಪಾಗುತ್ತದೆ. ನಾರಾಯಣಖೇಡದ ನಮ್ಮ ಮನೆಯ ಪಡಸಾಲೆಯಲ್ಲಿ, ಗೋಡೆಯ ಗೂಡುಗಳಲ್ಲಿ ನಿಲ್ಲಿಸಿಟ್ಟ ಪುಸ್ತಕಗಳ ನಡುವೆ, ಹುಳ ಬೀಳಬಾರದೆಂದು ಮುತ್ಯಾ, ನನ್ನ ಅಜ್ಜ, ಬಜೆಯ ತುಂಡು ತುರುಕಿಡುತ್ತಿದ್ದ. ಯಾವ ಪುಸ್ತಕ ಎಳೆದರೂ ಆ ಕಟುವಾದ, ತುಸುವೇ ಸಿಹಿಯಾದ ಘಾಟು ಮೂಗಿಗೆ ಬಡಿಯುತ್ತಿತ್ತು. ಹಾಗೆ ನೋಡಿದರೆ ನೆನಪಿನ ಮಾತುಗಳಲ್ಲಿ ನನಗೆ ನಂಬಿಕೆ ಕಡಿಮೆ. ಹೋದ ಮನೆಯ ಬಗ್ಗೆ ಬರೆಯುವವರೆಲ್ಲ ಅದನ್ನು ಅರಮನೆ ಮಾಡಿಬಿಡುತ್ತಾರೆ. ನಿಮ್ಮದೂ ಒಂದು ಮನೆ ಹೀಗೆ ಹೋಗಿದ್ದರೆ ನೀವೂ ಒಮ್ಮೆಯಾದರೂ ಮಾಡಿರುತ್ತೀರಿ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಗೆ ಮಾತ್ರ ತಾಂಡೂರಿನ ಕಲ್ಲು ಹಾಸಿತ್ತು. ಬಿಸಿಲುಗಾಲದಲ್ಲಿ ಅದರ ಮೇಲೆ ಕೆನ್ನೆಯಿಟ್ಟು ಮಲಗಿದರೆ ಹಿತವಾಗಿ ತಣ್ಣಗಿರುತ್ತಿತ್ತು, ಅಷ್ಟೇ. ಆದರೆ ಜನರೊಂದಿಗೆ ವಾದ ಮಾಡಬಹುದು, ವಾಸನೆಯೊಂದಿಗೆ ಹೇಗೆ ಮಾಡುವುದು?

ಆ ಪಡಸಾಲೆಯನ್ನು ಮುತ್ಯಾ ವಾಚನಾಲಯ ಎನ್ನುತ್ತಿದ್ದ. ನಿಜಾಮರ ರಾಜ್ಯದ ನಮ್ಮ ಊರಿನಲ್ಲಿ ಆಗ ಶಾಲೆಯಲ್ಲಿ ಉರ್ದು, ಬಜಾರಿನಲ್ಲಿ ತೆಲುಗು, ಒಲೆಯ ಮುಂದೆ ಕನ್ನಡ. ಕನ್ನಡ ಆಡುವವರು ಓಣಿ ತುಂಬ ಇದ್ದರು. ಓದಬಲ್ಲವರು ಮುತ್ಯಾನಂತೆ ಮಠದ ಅಯ್ಯನ ಹತ್ತಿರ ಮರಳಿನ ಮೇಲೆ ಅಕ್ಷರ ತಿದ್ದಿದ ಕೆಲವರು ಮಾತ್ರ. ಅಂಥ ಊರಿಗೆ ಧಾರವಾಡದಿಂದ ಕನ್ನಡ ಪುಸ್ತಕ ತರಿಸುವುದೆಂದರೆ! ಪುಸ್ತಕದ ಗಂಟು ರೈಲಿನಲ್ಲಿ ಜಹೀರಾಬಾದಿಗೆ ಬರುತ್ತಿತ್ತು. ಅಲ್ಲಿಗೆ ತೊಗರಿ ಮಾರಲು ಹೋದ ಕಾಕಾ, ನನ್ನ ಅಪ್ಪನ ತಮ್ಮ, ಖಾಲಿ ಬಂಡಿಯಲ್ಲಿ ಅದನ್ನು ಹಾಕಿಕೊಂಡು ದಾರಿಯುದ್ದಕ್ಕೂ ಬೈಯುತ್ತ ಬರುತ್ತಿದ್ದ. ಒಮ್ಮೆ ಗಂಟು ಬಿಚ್ಚಿದರೆ, ಮುತ್ಯಾ ಬೇಡಿದ ಪುರಾಣದ ಬದಲು ತೆಂಗಿನ ಬೇಸಾಯದ ದಪ್ಪ ಪುಸ್ತಕವೊಂದು ಬಂದಿತ್ತು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಕಂಡರೆ ಅದು ದೇವರ ಮುಂದೆ. ಗಿಡ ಯಾರು ನೋಡಿದ್ದರು? ಆದರೂ ಮುತ್ಯಾ ಅದಕ್ಕೂ ಒಂದು ತುಂಡು ಬಜೆ ಕೊಟ್ಟು ಗೂಡಿನಲ್ಲಿ ನಿಲ್ಲಿಸಿದ.

ವಾಚನಾಲಯ ಎಂದ ಮೇಲೆ ಯಾವ ಪುಸ್ತಕ ಹೆಚ್ಚು ಹೋಗುತ್ತಿತ್ತು ಎಂದು ನೀವು ಕೇಳಬಹುದು. ಎಲ್ಲಕ್ಕಿಂತ ಹೆಚ್ಚು ಹೊರಗೆ ಹೋಗುತ್ತಿದ್ದದ್ದು ಪುಸ್ತಕವೇ ಅಲ್ಲ. ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದ ಮುತ್ಯಾನ ಚಾಳೀಸು, ನಲವತ್ತು ದಾಟಿದವರು ಹಾಕುವ ಕನ್ನಡಕ. ಹಿತ್ತಾಳೆಯ ಚೌಕಟ್ಟು, ಒಂದು ಕಡೆ ಕಡ್ಡಿ ಮುರಿದು ಅಲ್ಲಿ ಕಿವಿಗೆ ಸುತ್ತುವ ದಾರ. ಓದುವವರ ಕಣ್ಣಿಗೆ ಅನುಕೂಲವಾಗಲೆಂದು ತನ್ನದೊಂದೇ ಚಾಳೀಸನ್ನು ಮುತ್ಯಾ ವಾಚನಾಲಯಕ್ಕೆ ಕೊಟ್ಟುಬಿಟ್ಟಿದ್ದ. ಜನ ಅದನ್ನು ಜೋಳದೊಳಗಿನ ಹಳ್ಳು, ಕಲ್ಲು ಆರಿಸಲು ಒಯ್ಯುತ್ತಿದ್ದರು, ಮಕ್ಕಳ ಕಾಲಿನ ಮುಳ್ಳು ತೆಗೆಯಲು, ಹೇನು ನೋಡಲು ಒಯ್ಯುತ್ತಿದ್ದರು. ಪಕ್ಕದ ಊರು ನಾಗಲಗಿದ್ದದ ಮುದುಕನೊಬ್ಬ ಮೊಮ್ಮಗನಿಗೆ ಹೆಣ್ಣು ನೋಡಲು ಏರಿಸಿಕೊಂಡು ಹೋಗಿ, ತಿರುಗಿ ತಂದು ಮೊಳೆಗೆ ಹಾಕುತ್ತ, “ಹುಡುಗಿ ಛಲೋ ಅದಾಳ್ರಿ, ಆದ್ರ ಭಾಳ ದೊಡ್ಡಾಕಿ ಕಾಣ್ತಾಳ” ಎಂದಿದ್ದ. ಎರಡು ಮನೆಯಾಚೆ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದ ಫಾತಿಮಾಬಿಗಂತೂ ಅದು ದಿನವೂ ಬೇಕು, ಸೂಜಿಗೆ ದಾರ ಪೋಣಿಸಲು. ಮುತ್ಯಾ ತಾನು ಓದಬೇಕಾದರೆ ಓಣಿಯ ಕಡೆ ನೋಡುತ್ತ ಕೂಡಬೇಕಾಗಿತ್ತು, ತನ್ನ ಕಣ್ಣು ಯಾರ ಮನೆಯಿಂದ ಬರುತ್ತದೋ ಎಂದು.

ಕಾಕಾನಿಗೆ ಆ ಪಡಸಾಲೆ ಬೇಕಾಗಿತ್ತು, ಬೇಳೆಯ ಅಂಗಡಿಗೆ. ಒಂದು ಸಂಜೆ ಊಟಕ್ಕೆ ಕೂತಾಗ ಅಂದೇ ಬಿಟ್ಟ: “ಅಪ್ಪಾ, ನಿನ್ನ ಪುಸ್ತಕ ಒಬ್ರರ ಒಯ್ತಾರೇನು? ಮಂದಿ ಬರೋದು ಚಾಳೀಸಿಗೆ. ಯುಗಾದಿ ತನಕಾ ನೋಡ್ತೀನಿ. ಪುಸ್ತಕ ಹೋಗಿದ್ರ ನಿಂದು, ಇಲ್ಲಾಂದ್ರ ತಕ್ಕಡಿ ತಂದು ಇಡ್ತೀನಿ.”

ಮುತ್ಯಾನ ಕೈಯೊಳಗಿನ ರೊಟ್ಟಿಯ ತುತ್ತು ಅಲ್ಲೇ ನಿಂತಿತು. ಅವನಿಗೆ ಆ ಪಡಸಾಲೆ ಬಿಟ್ಟು ಬೇರೇನಿರಲಿಲ್ಲ; ಹೊಲ, ಬಂಡಿ, ವ್ಯಾಪಾರ ಎಲ್ಲ ಮಕ್ಕಳ ಕೈಗೆ ಹೋಗಿತ್ತು. ನಾನು ನಡುವೆ ಬಾಯಿ ಹಾಕಿದೆ. ಶಾಲೆಯ ಚರ್ಚಾಕೂಟದಲ್ಲಿ ಗೆದ್ದು ಬಂದ ಬಿಸಿ ಇನ್ನೂ ಆರಿರಲಿಲ್ಲ. ಹಾಗಾದರೆ ಚಾಳೀಸು ಕೆಲವು ದಿನ ತೆಗೆದಿಡೋಣ, ಆಗ ಬರುವವರು ಪುಸ್ತಕಕ್ಕೇ ಬಂದವರು, ತೀರ್ಪು ತಾನೇ ಗೊತ್ತಾಗುತ್ತದೆ ಎಂದೆ.

“ನೋಡಪ್ಪಾ, ನಮ್ಮನ್ಯಾಗ ಒಬ್ಬಾಕಿ ವಕೀಲಬಾಯಿ ಹುಟ್ಯಾಳ,” ಎಂದ ಕಾಕಾ. “ಫೀಸ್ ಇಲ್ಲ, ಬರೇ ಬಾಯಿ!”

ಮುತ್ಯಾ ನನ್ನ ಮಾತಿಗೆ ಒಪ್ಪಿ ಚಾಳೀಸನ್ನು ಕಪಾಟಿನಲ್ಲಿಟ್ಟ. ಮರುದಿನದಿಂದ ಪಡಸಾಲೆ ಬಣಗುಟ್ಟಿತು. ಬಂದವರು ಬರಿಯ ಮೊಳೆ ನೋಡಿ ಹೊಸ್ತಿಲಿನಿಂದಲೇ ತಿರುಗಿದರು. ನನ್ನ ತರ್ಕ ಸರಿಯಾಗಿತ್ತು. ಸರಿಯಾದ ತರ್ಕದ ನಡುವೆ ಮುತ್ಯಾ ಒಬ್ಬನೇ ಕೂತು ಒಂದೊಂದೇ ಪುಸ್ತಕ ತೆಗೆದು, ಧೂಳಿಲ್ಲದಿದ್ದರೂ ಒರೆಸಿ ಮತ್ತೆ ಇಡುತ್ತಿದ್ದ. ವಾರ ತುಂಬುವುದರೊಳಗೆ ಅವನೇ ಎದ್ದು ಚಾಳೀಸನ್ನು ಮೊಳೆಗೆ ಹಾಕಿ, ಓಣಿಗೆ ಕೇಳುವಂತೆ ಸಾರಿದ: “ಚಾಳೀಸು ಬೇಕಾದವ್ರು ಬರ್ರಿ. ಆದ್ರ ಸಂಗಡ ಒಂದು ಪುಸ್ತಕಾನೂ ಒಯ್ಯಬೇಕು. ಬರೇ ಚಾಳೀಸು ಕೊಡಂಗಿಲ್ಲ.”

ಅದು ತರ್ಕವಲ್ಲ, ಮೋಸ ಎಂದು ನಾನು ಕೂಗಾಡಿದೆ. ಮುತ್ಯಾ ನಕ್ಕ: “ಎತ್ತಿಗಿ ನೀರು ಕುಡಿಸಾಕ ಆಗಂಗಿಲ್ಲವ್ವಾ, ಕೆರಿ ತನಕಾರ ಹೊಡ್ಕೊಂಡು ಹೋಗಬೋದಲ್ಲ?”

ಪುಸ್ತಕಗಳು ಹೊರಟವು ನೋಡಿ. ಹೋದವು ಹೇಗೋ, ಬಂದವು ಬೇರೆ ಥರ: ಒಂದಕ್ಕೆ ಅರಿಶಿಣ ಹತ್ತಿತ್ತು, ಒಂದರ ಹಾಳೆಗಳ ನಡುವೆ ಜೋಳದ ಒಣ ಎಲೆಯ ರವದಿ, ಇನ್ನೊಂದು ಹಾಲಿನ ಗಡಿಗೆಗೆ ಮುಚ್ಚಳವಾಗಿ ಬಂದಿತ್ತು. ಎಲ್ಲಕ್ಕಿಂತ ಹೆಚ್ಚು ಹೋದದ್ದು ತೆಂಗಿನ ಪುಸ್ತಕ. ಅದನ್ನು ಒಯ್ಯುತ್ತಿದ್ದವಳು ಫಾತಿಮಾಬಿ. ಯಾಕೆಂದು ನೋಡಲು ಅವಳ ಮನೆಗೆ ಹೋದೆ. ಚಾಳೀಸು ಏರಿಸಿ, ದಾರ ಕಿವಿಗೆ ಸುತ್ತಿ, ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು, ಅದರ ಬಿಳಿ ಹಾಳೆಯ ಮೇಲೆ ಸೂಜಿ ಹಿಡಿದು ದಾರ ಪೋಣಿಸುತ್ತಿದ್ದಳು. ಚಾಳೀಸಿಗೂ ಪುಸ್ತಕಕ್ಕೂ ಸಂಬಂಧವಿಲ್ಲ, ಪುಸ್ತಕ ಬರಿದೆ ಮುತ್ಯಾನ ಹಟ ಎಂದು ವಿವರಿಸಿದೆ. ಅವಳು ನಂಬಲಿಲ್ಲ. “ಹಾಂಗ್ಯಾಂಗ ಆಗ್ತದ ಬೇಟಿ? ಕಿತಾಬು ಬಿಚ್ಚಿಟ್ಟಾಗಿಂದ ಸೂಜಿ ಕಣ್ಣು ಸಾಫ್ ಕಾಣ್ತದ. ನಿಮ್ಮ ಮುತ್ಯಾ ಗೊತ್ತಿದ್ದೇ ಹೇಳ್ಯಾರ. ದಪ್ಪ ಕಿತಾಬಿದ್ರ ಇನ್ನೂ ಛಲೋ, ಜಾರಂಗಿಲ್ಲ.” ಅವಳ ಮಾತು ಕೇಳಿ ಓಣಿಯ ಹೆಂಗಸರೆಲ್ಲ ಹಾಗೇ ಮಾಡತೊಡಗಿದರು. ಪುಸ್ತಕ ಬಿಚ್ಚದೆ ಚಾಳೀಸು ಹಾಕಿದರೆ ಕಣ್ಣಿಗೆ ಕೇಡು ಎಂಬಲ್ಲಿಗೆ ಬಂತು. ಕರಿ ಶಾಯಿಯ ಪಕ್ಕದ ಬಿಳಿ ಕಾಗದದ ಮೇಲೆ ಸೂಜಿ ಚೆನ್ನಾಗಿ ಕಾಣುತ್ತದೆ, ಕಾರಣ ಅಷ್ಟೇ ಎಂದು ನಾನು ಮನೆಮನೆಗೆ ಹೋಗಿ ಹೇಳಿದೆ. ಯಾರಿಗೂ ಕಾರಣ ಬೇಕಾಗಿರಲಿಲ್ಲ.

ಯುಗಾದಿ ಹತ್ತಿರ ಬಂತು. ಮುತ್ಯಾ ಊಟ ಕಡಿಮೆ ಮಾಡಿದ. ಕಾಕಾ ಪಡಸಾಲೆಯನ್ನು ಕಣ್ಣಿನಲ್ಲೇ ಅಳೆಯುತ್ತ ಓಡಾಡುತ್ತಿದ್ದ. ಹಬ್ಬಕ್ಕೆ ಮುಂಚೆ ಕಾಕಾನ ಕಾಲಿಗೆ ಜಾಲಿಯ ಮುಳ್ಳು ನೆಟ್ಟಿತು. ತಾನೇ ತೆಗೆಯಲು ಹೋದ, ಮುಳ್ಳು ಕಾಣಲಿಲ್ಲ. ತಾನು ಬಂಡಿಯಲ್ಲಿ ಒಯ್ದು ಮಾರುವ ಬೇಳೆಯಲ್ಲಿ ಹಳ್ಳು ಉಳಿಯುತ್ತದೆಂದು ಗಿರಾಕಿಗಳು ಯಾಕೆ ಜಗಳ ತೆಗೆಯುತ್ತಿದ್ದರೋ ಅದೂ ಆಗ ಹೊಳೆಯಿತು. ಅವನ ಕಣ್ಣಿಗೂ ನಲವತ್ತಾಗಿತ್ತು. ಕುಂಟುತ್ತ ಪಡಸಾಲೆಗೆ ಬಂದು ಮೊಳೆಗೆ ಕೈ ಹಾಕಿದ.

“ಪುಸ್ತಕ,” ಎಂದ ಮುತ್ಯಾ, ತಲೆ ಎತ್ತದೆ.

“ಅಪ್ಪಾ, ನಾ ಮನ್ಯಾಂವ!”

“ಮನ್ಯಾಂವಂದ್ರ ಎರಡು ಒಯ್ಯಿ.”

ಕಾಕಾ ನನ್ನ ಮುಖ ನೋಡಿದ. ನಾನು ಗೂಡಿನಿಂದ ತೆಂಗಿನ ಪುಸ್ತಕ ತೆಗೆದು ಕೊಟ್ಟೆ. ಅವನು ಅದನ್ನು ತೊಡೆಯ ಮೇಲೆ ಬಿಚ್ಚಿಟ್ಟು, ಅದರ ಮೇಲೆ ಪಾದ ಇಡಲು ಹೋಗಿ, ಹಿಂಜರಿದು, ಪುಸ್ತಕ ಪಕ್ಕಕ್ಕಿಟ್ಟು ಕೈಮುಗಿದು ಮುಳ್ಳು ತೆಗೆದುಕೊಂಡ. ತಕ್ಕಡಿಯ ಮಾತು ಆಮೇಲೆ ಮನೆಯಲ್ಲಿ ಬರಲಿಲ್ಲ. ಯಾರು ಗೆದ್ದರು ಎಂದು ನಾನು ಎಷ್ಟು ಕೇಳಿದರೂ ಇಬ್ಬರೂ ಹೇಳಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ನಿಧಾನಿಸಿದರೆ ಆಗುವುದಿಲ್ಲ. ನಿಜಾಮರ ರಾಜ್ಯ ಮುಗಿಯುವ ಮುಂಚಿನ ಗಲಾಟೆಯ ಕಾಲ ಬಂತು. ಊರೂರಿನಿಂದ ಬಂಡಿಗಳು ಸೊಲ್ಲಾಪುರದ ಕಡೆ ಹೊರಟವು. ನಾವೂ ಒಂದು ಬೆಳಗ್ಗೆ ಜೋಳದ ಚೀಲ, ಹಾಸಿಗೆ, ಭಾಂಡೆ ಹೇರಿಕೊಂಡು ಹೊರಟೆವು. ಮುತ್ಯಾ ಬಂಡಿ ಹತ್ತಿದವನು ಇಳಿದು ಒಳಗೆ ಹೋಗಿ ಬಂದ. “ಚಾಳೀಸು ಮೊಳಿಗಿಲ್ಲ,” ಎಂದ. ಅದು ಫಾತಿಮಾಬಿಯ ಮನೆಯಲ್ಲಿತ್ತು. ಅವಳು ಮಗಳ ಊರಿಗೆ ಹೋಗಿದ್ದಳು. ಬಾಗಿಲಿಗೆ ಕೀಲಿ. ಕಾಕಾ ಎತ್ತಿನ ಹಗ್ಗ ಸಡಿಲಿಸಿ ಸ್ವಲ್ಪ ಹೊತ್ತು ನಿಲ್ಲಿಸಿದ, ಆಮೇಲೆ ಬಂಡಿ ಹೊಡೆದ. ಸೊಲ್ಲಾಪುರದ ಬಂಧುಗಳ ಮನೆಯಲ್ಲಿ ಮುತ್ಯಾನಿಗೆ ಓದಲು ಪುಸ್ತಕ ಕೊಟ್ಟರೆ ಮುಚ್ಚಿದ್ದನ್ನೇ ಕೈಯಲ್ಲಿ ಹಿಡಿದು, ಮೂಗಿನ ಹತ್ತಿರ ಒಯ್ದು, “ಇದಕ್ಕ ಬಜಿ ಇಟ್ಟಿಲ್ಲ” ಎನ್ನುತ್ತಿದ್ದ. ಕಾಕಾ ಬೇರೆ ಚಾಳೀಸು ತರುತ್ತೇನೆಂದ. ಬೇಡ, ನಂದು ಓಣ್ಯಾಗ ಅದ, ಬರ್ತದ ಎಂದ ಮುತ್ಯಾ. ಆ ಮಳೆಗಾಲದಲ್ಲಿ ಮುತ್ಯಾ ತೀರಿಕೊಂಡ.

ಹೋದ ವರ್ಷ ನಾನೊಬ್ಬಳೇ ನಾರಾಯಣಖೇಡಕ್ಕೆ ಹೋಗಿದ್ದೆ. ಮನೆಯ ಮಾಳಿಗೆ ಕುಸಿದಿದೆ. ಗೂಡುಗಳಲ್ಲಿ ಗುಬ್ಬಿ ಗೂಡು ಕಟ್ಟಿವೆ. ಪುಸ್ತಕಗಳು ಒಲೆಗೆ ಹೋದವೋ ಗೆದ್ದಲಿಗೋ, ಹೇಳುವವರಿಲ್ಲ. ತಾಂಡೂರಿನ ಕಲ್ಲು ಮಾತ್ರ ಮಣ್ಣಿನಡಿಯಲ್ಲಿ ಹಾಗೇ ತಣ್ಣಗಿತ್ತು. ಎರಡು ಮನೆಯಾಚೆ ಫಾತಿಮಾಬಿ ಇನ್ನೂ ಇದ್ದಳು, ನನ್ನನ್ನು ದನಿಯಿಂದ ಗುರುತಿಸಿದಳು. ಒಳಗೆ ಹೋಗಿ ಕೌದಿಯ ಚಿಂದಿಯಲ್ಲಿ ಸುತ್ತಿದ್ದೊಂದನ್ನು ತಂದು ನನ್ನ ಕೈಯಲ್ಲಿಟ್ಟಳು. ಚಾಳೀಸು, ಹೊಸ ದಾರ ಕಟ್ಟಿದ್ದು. ಮತ್ತು ತೆಂಗಿನ ಪುಸ್ತಕ.

“ಎಷ್ಟು ದಿನ ಆತು ಬೇಟಿ, ವಾಪಸ್ ಕೊಡಾಕ ಯಾರೂ ಸಿಗಲಿಲ್ಲ. ತಗೋ, ಮುತ್ಯಾಗ ಕೊಡು.”

ಮುತ್ಯಾ ಇಲ್ಲ ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು. ಇಟ್ಟದ್ದೆಲ್ಲ ಹೋಗಿ ಕೊಟ್ಟದ್ದೊಂದು ಉಳಿಯಿತು ಎಂದು ಇಂಥ ಕಡೆ ಬರೆಯುವುದು ಸುಲಭ. ನನಗೆ ಆ ಸಮಾಧಾನ ಒಪ್ಪಿಗೆಯಿಲ್ಲ. ಉಳಿದದ್ದು ಒಂದು ಪುಸ್ತಕ, ಹೋದದ್ದು ಪಡಸಾಲೆ ತುಂಬ. ಯಾವ ಲೆಕ್ಕದಲ್ಲೂ ಸರಿಹೋಗುವುದಿಲ್ಲ. ಇನ್ನು ದಾರ ಹೇಗೆ ಪೋಣಿಸುತ್ತೀ ಎಂದು ಕೇಳಿದೆ. ಓಣಿಯ ಹುಡುಗಿಯರನ್ನು ಕರೆಯುತ್ತೇನೆ ಎಂದಳು. ಚಾಳೀಸನ್ನು ತಿರುಗಿ ಅವಳ ಮಡಿಲಿಗೆ ಹಾಕಿದೆ.

“ಬರೇ ಚಾಳೀಸು ಕೊಡಂಗಿಲ್ಲ,” ಎಂದೆ. “ಪುಸ್ತಕಾನೂ ಇರ್ಲಿ.”

ಅವಳು ಮೂಗು ಒರೆಸಿಕೊಂಡು ದಾರವನ್ನು ಕಿವಿಗೆ ಸುತ್ತಿದಳು. ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿದಳು. ಬಜೆಯ ಘಾಟು ಎದ್ದಿತು, ಸಣ್ಣಗೆ. ಸೂಜಿ ಎತ್ತಿ ಹಿಡಿದಳು. ಪುಸ್ತಕ ತಲೆಕೆಳಗಾಗಿತ್ತು. ಯಾರ ತಪ್ಪನ್ನೂ ತಿದ್ದದೆ ಬಿಡದ ನಾನು ಅದನ್ನು ತಿರುಗಿಸದೆ ಪಕ್ಕದಲ್ಲೇ ಕೂತಿದ್ದೆ. ದಾರ ಒಳಗೆ ಹೋಗುವ ತನಕ ನೋಡುತ್ತಲೇ ಕೂತಿದ್ದೆ.