ಮುಚ್ಚಬಾರದ ಹನ್ನೆರಡು ತೂತು

ಬಿಳಿಚೋಡಿನ ಹೊರಗೆ, ಮೆಕ್ಕೆಜೋಳದ ಹೊಲದ ಅಂಚಿನ ತಗಡಿನ ಶೆಡ್ಡಿನಲ್ಲಿ ಬೆಳಗಿನ ಐದೂಮುಕ್ಕಾಲಿಗೇ ಸದ್ದು ಕೇಳುತ್ತಿದೆ. ಟಪ್, ಟಪ್. ಐವತ್ತೇಳರ ಗಾದ್ರಮ್ಮ ವಿಮಾನದ ರೆಕ್ಕೆಯನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಒಂದು ಗೇಣು ಸರಿದು ಮತ್ತೆ ತಟ್ಟುತ್ತಾರೆ. ಬಿಗಿದ ಬಟ್ಟೆ ತಮಟೆಯಂತೆ ಉತ್ತರ ಕೊಡುತ್ತದೆ.

ಒಂದರ ಮೇಲೊಂದು ಎರಡು ರೆಕ್ಕೆಯ, ಒಬ್ಬರೇ ಕೂರುವ ಈ ವಿಮಾನ ಮೊದಲ ಮಹಾಯುದ್ಧದ ಕಾಲದ ಯುದ್ಧವಿಮಾನವೊಂದರ ಪ್ರತಿರೂಪ. ನೋಡಲು ಇಟ್ಟದ್ದಲ್ಲ, ಹಾರಲು ಕಟ್ಟಿದ್ದು. ವಾಯುಪಡೆಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಕಲ್ಲೇಶ್ ಇದಕ್ಕೆ ಆರು ವರ್ಷ ಕೊಟ್ಟಿದ್ದಾರೆ. ಮರದ ಚೌಕಟ್ಟು ಅವರದು, ಅದರ ಮೇಲಿನ ಅಗಸೆನಾರಿನ ಬಟ್ಟೆಯ ಹೊಲಿಗೆ ಗಾದ್ರಮ್ಮನವರದು. ಇವತ್ತು ಮೊದಲ ಹಾರಾಟ. ಅದು ನಡೆಯಬೇಕಿದ್ದದ್ದು ಎಂಟು ದಿನದ ಹಿಂದೆ. ಅವತ್ತು ತಡೆದವರು ಗಾದ್ರಮ್ಮ. ತಪ್ಪೂ ಅವರದೇ.

ಹನ್ನೆರಡನೇ ವಯಸ್ಸಿನಿಂದ ಅವರು ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುತ್ತಿದ್ದಾರೆ. ಗಂಡ ಉಚ್ಚಂಗೆಪ್ಪ ಕುರಿಗಳ ಹಿಂದೆ ತಿಂಗಳುಗಟ್ಟಲೆ ಊರೂರು ಅಲೆಯುವಾಗ ಮೂರು ಮಕ್ಕಳನ್ನು ಸಾಕಿದ್ದು ಈ ಹೊಲಿಗೆಯೇ. ದಬ್ಬಳ ತಳ್ಳಿ ತಳ್ಳಿ ಬಲಗೈ ಹೆಬ್ಬೆರಳ ತುದಿಗೆ ಈಗ ಬಿಸಿ ತಂಪು ತಿಳಿಯುವುದಿಲ್ಲ. ಗೋಡೆಯ ಮೇಲೆ ಒಣಗಲು ಹಾಕಿದ್ದ ಅವರ ಕೌದಿಯೊಂದಕ್ಕೆ ಕಲ್ಲೇಶ್ ಅಳತೆಪಟ್ಟಿ ಹಿಡಿದು ನೋಡಿದರಂತೆ. ಹೊಲಿಗೆಗಳ ಅಂತರ ಎಲ್ಲಿಯೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರಲಿಲ್ಲ.

"ವಿಮಾನ ಅಂದ್ರು. ಅಣ್ಣಾ, ನಾ ಜಗಳೂರು ಬಸ್ ಹತ್ತಿದ್ರೇ ವಾಂತಿ ಮಾಡ್ಕಂತೀನಿ ಅಂದೆ. ನೀ ಹತ್ತಬ್ಯಾಡವ್ವ, ಹೊಲಿ ಸಾಕು ಅಂದ್ರು" ಎಂದು ನಗುತ್ತಾರೆ.

ಲೆಕ್ಕ ಸರಳ. ರೆಕ್ಕೆಯ ತುಂಡು ನಾಲ್ಕು, ಒಂದೊಂದರಲ್ಲಿ ಹದಿಮೂರು ಮರದ ಪಕ್ಕೆಲುಬು, ಒಂದೊಂದು ಪಕ್ಕೆಲುಬಿಗೆ ಹದಿನೇಳು ಗಂಟು. ಒಟ್ಟು ಎಂಟುನೂರ ಎಂಬತ್ತನಾಲ್ಕು. ಜೇನುಮೇಣ ಸವರಿದ ದಾರವನ್ನು ರೆಕ್ಕೆಯ ಆಚೆ ತೂರಿಸಿ, ಪಕ್ಕೆಲುಬನ್ನು ಬಳಸಿ ಈಚೆ ಎಳೆದು ಬಿಗಿಯಬೇಕು. ದಿನಕ್ಕೆ ಮೂವತ್ತು ಗಂಟು ದಾಟುವುದಿಲ್ಲ.

ಹೊಲಿಗೆ ಮುಗಿದು, ಬಟ್ಟೆ ಬಿಗಿಯುವ ವಾರ್ನಿಷ್ ಬಳಿದ ಮೇಲೆ, ಎಡಗಡೆ ಕೆಳರೆಕ್ಕೆಯ ಅಡಿಯಲ್ಲಿ ಅವರಿಗೆ ಹನ್ನೆರಡು ಸಣ್ಣ ತೂತು ಕಂಡವು. ಕೌದಿಯವರ ಮನೆಯಲ್ಲಿ ಒಂದು ನೇಮವಿದೆ: ತೂತು ಬಿಟ್ಟು ಹೊದಿಕೆ ಕೊಡಬಾರದು. ಯಾರನ್ನೂ ಕೇಳದೆ ಹನ್ನೆರಡಕ್ಕೂ ದುಂಡನೆಯ ತೇಪೆ ಹಾಕಿದರು.

"ಯಾರೋ ಬೀಡಿ ತಾಗಿಸ್ಯಾರೆ ಅಂದ್ಕಂಡೆ. ತೂತು ಕಂಡ್ರೆ ನನ್ ಕೈ ಸುಮ್ಕೆ ಇರಾಕಿಲ್ಲ."

ಅವು ಒಳಗೆ ಸೇರಿದ ನೀರು ಇಳಿದುಹೋಗಲೆಂದು ಕಲ್ಲೇಶ್ ಕಾಯಿಸಿದ ಕಂಬಿಯಿಂದ ಮಾಡಿದ ತೂತುಗಳು. ಮುಚ್ಚಿದ ವಾರವೇ ಎರಡು ದಿನ ಮಳೆ ಬಂತು. ಶೆಡ್ಡಿನ ತಗಡು ಸೋರಿ, ಮೇಲ್ಬದಿಯಲ್ಲಿ ತಂತಿ ಹಾಯುವ ಸೀಳಿನಿಂದ ನೀರು ರೆಕ್ಕೆಯೊಳಗೆ ಇಳಿದು ಹಿಂದಿನ ಅಂಚಿನಲ್ಲಿ ನಿಂತಿತು. ಎಂಟು ದಿನದ ಹಿಂದಿನ ಆ ಬೆಳಿಗ್ಗೆ ಪೈಲಟ್ ಪ್ರದೀಪ್ ಬೆಲ್ಟ್ ಬಿಗಿದು ಕುಳಿತಾಗಿತ್ತು. ರೆಕ್ಕೆಯ ಇಬ್ಬನಿ ಒರೆಸುತ್ತ ಬಟ್ಟೆ ತಟ್ಟಿ ನೋಡುತ್ತಿದ್ದ ಗಾದ್ರಮ್ಮನವರ ಕೈ ನಿಂತಿತು.

"ಎಲ್ಲಾ ಕಡೆ ತಮಟೆ, ಅಲ್ಲೊಂದು ಕಡೆ ತುಂಬಿದ ಕೊಡ. ಇಳಿಯಪ್ಪಾ ಕೆಳಗೆ ಅಂದೆ."

ಕಲ್ಲೇಶ್ ಬಗ್ಗಿ ನೋಡಿ, "ಇಲ್ಲಿದ್ದ ತೂತು ಎಲ್ಲಿ ಹೋದ್ವು?" ಎಂದರು.

"ನಾನೇ ಮುಚ್ಚೀನಣ್ಣ."

ತೇಪೆ ಕಿತ್ತರೆ ಸುರಿದದ್ದು ಅರ್ಧ ಬಕೆಟ್ ನೀರು. ಒಂದೇ ಬದಿಯ ಆ ತೂಕ ಆಕಾಶದಲ್ಲಿ ತುಳುಕಿದ್ದರೆ ವಿಮಾನ ಹಿಡಿತಕ್ಕೆ ಸಿಗುತ್ತಿತ್ತೆಂದು ಹೇಳಲಾಗದು. ಗಾದ್ರಮ್ಮ ದಬ್ಬಳ, ದಾರ ಕಟ್ಟಿಕೊಂಡು ಮನೆಗೆ ನಡೆದರು. ಮಧ್ಯಾಹ್ನ ಕಲ್ಲೇಶ್ ಬಾಗಿಲಿಗೆ ಬಂದು, "ತೂತು ಯಾಕೆ ಅಂತ ಹೇಳದೆ ಇದ್ದೋನು ನಾನು. ನೀ ಬಾರವ್ವ, ರೆಕ್ಕೆ ಬಿಚ್ಚಿ ಒಣಗಿಸ್ಬೇಕು" ಎಂದರು. ಬಿಚ್ಚಿ ನೋಡಿದರೆ ಒಳಗಿನ ಮರದ ಜೋಡಣೆಯ ಅಂಟು ಬಿಟ್ಟಿರಲಿಲ್ಲ. ಆರು ದಿನ ಒಣಗಿಸಿ, ಬಿಚ್ಚಿದಷ್ಟನ್ನೂ ಅವರೇ ಮತ್ತೆ ಹೊಲಿದರು.

ಇವತ್ತು ಏಳೂಹತ್ತಕ್ಕೆ ವಿಮಾನ ನೆಲ ಬಿಡುತ್ತದೆ. ಹೊಲದ ಬದುವಿನ ಮೇಲೆ ನಿಂತ ಜನರೆಲ್ಲ ತಲೆ ಎತ್ತಿದ್ದಾರೆ. ಗಾದ್ರಮ್ಮ ಮಾತ್ರ ಶೆಡ್ಡಿನ ನೆರಳಲ್ಲಿ ನೆಲ ನೋಡುತ್ತ ಕುಳಿತಿದ್ದಾರೆ. ಹನ್ನೊಂದು ನಿಮಿಷದ ನಂತರ ಚಕ್ರ ಮಣ್ಣು ಮುಟ್ಟಿದ ಸದ್ದಾಗುತ್ತದೆ. ಆಗ ಎದ್ದು ಹೋಗಿ ಮೊದಲು ರೆಕ್ಕೆ ತಟ್ಟುತ್ತಾರೆ, ಆಮೇಲೆ ಪ್ರದೀಪನ ಬೆನ್ನು.

"ಹೆಂಗಿತ್ತಪ್ಪ?"

"ಬೆಚ್ಚಗಿತ್ತವ್ವ, ನಿನ್ ಕೌದಿ."

"ಸುಳ್ಳ. ಮೇಲೆ ಥಂಡಿ ಇರ್ತೈತಂತೆ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

ಈಗ ಆ ಹನ್ನೆರಡು ತೂತುಗಳ ಸುತ್ತ ಕೆಂಪು ಬಣ್ಣದ ಬಳೆ ಬರೆದಿದೆ. ಬರೆದವರು ಅವರೇ. ಏಕೆಂದು ಕೇಳಿದರೆ ಬ್ರಷ್ ತೊಳೆಯುತ್ತಲೇ ಹೇಳುತ್ತಾರೆ:

"ನಾ ಇಲ್ದಾಗ ನನ್ನಂಥಾಕೆ ಇನ್ನೊಬ್ಬಾಕೆ ಬರಬೋದಲ್ಲ. ಹೊಲಿಯಾಕೆ ಬರೋರಿಗೆ ಬಿಡಾಕೂ ಬರಬೇಕು."