ಹಾಡು ನಿಲ್ಲಿಸಲು ಇಳಿದ ಭಾವ

ಜೊತೆಗೆ ದುಡಿಯುವ ಭಾಮೈದ ದಿನವಿಡೀ ‘ಭಾವ, ಭಾವ’ ಎಂದು ಕರೆಯುತ್ತಿದ್ದುದರಿಂದ, ಮನೆ ಮಾಲೀಕರಿಂದ ಹಿಡಿದು ಪೇಂಟ್ ಅಂಗಡಿಯವನವರೆಗೆ ಎಲ್ಲರಿಗೂ ಅವನು ಭಾವನೇ ಆಗಿಬಿಟ್ಟಿದ್ದ. ಗೋಡೆಗೆ ಬಣ್ಣ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಬೇರೆಯವರು ಹೇಳುವ ಮೊದಲೇ ಅವನೇ ಹೇಳಿಕೊಳ್ಳುತ್ತಿದ್ದ. ಸುಳ್ಳೇನಲ್ಲ. ಅವನು ರೋಲರ್ ಎಳೆದ ಗೋಡೆಯಲ್ಲಿ ಬಣ್ಣ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಭೂತಗನ್ನಡಿ ಹಿಡಿದರೂ ಗೊತ್ತಾಗುತ್ತಿರಲಿಲ್ಲ.

ಅದೆಲ್ಲ ಶಾಸ್ತ್ರೀಯ ಸಂಗೀತದ ಪ್ರಭಾವ ಎಂಬುದು ಅವನ ವಾದ. ಆಲಾಪನೆ ಮೇಲೇರಿದರೆ ರೋಲರೂ ಏರುತ್ತದೆ, ಇಳಿದರೆ ಇಳಿಯುತ್ತದೆ, ಕೈಗೆ ಅವಸರವೇ ಇಲ್ಲ. ಭಾಮೈದನಿಗೋ ಸಿನಿಮಾ ಹಾಡೇ ಆಗಬೇಕು. ಅವನದು ಮೂಲೆ, ಅಂಚು, ಕಿಟಕಿ ಚೌಕಟ್ಟಿನ ಬ್ರಷ್ ಕೆಲಸ. ತಾಳ ಬಿದ್ದರೇ ಕೈ ಓಡುವುದು. ಇಬ್ಬರಿಗೂ ಇದ್ದದ್ದು ಒಂದೇ ಸ್ಪೀಕರ್. ಬೆಳಿಗ್ಗೆ ಗಂಡನ ರಾಗ, ಊಟದ ಮೇಲೆ ತಮ್ಮನ ಹಾಡು ಎಂದು ಭಾವನ ಹೆಂಡತಿ ತೀರ್ಪು ಕೊಟ್ಟಿದ್ದಳು. ಆದರೂ ಭಾವ ಮಧ್ಯಾಹ್ನವಿಡೀ ಗೊಣಗುತ್ತಿದ್ದ. “ಇದೇನು ಹಾಡೋ, ತಗಡಿನ ಮೇಲೆ ಕಲ್ಲು ಸುರಿದ ಹಾಗಿದೆ.”

ಕೇಳಿ ಕೇಳಿ ರೋಸಿಹೋದ ಭಾಮೈದ, ಈ ಮನೆ ಮುಗಿದ ಮೇಲೆ ಬರುತ್ತೇನೆಂದು ಬೇರೊಬ್ಬ ಕಾಂಟ್ರಾಕ್ಟರಿಗೆ ಮಾತು ಕೊಟ್ಟ. “ಹೋಗ್ಲಿ ಬಿಡು, ಕಿವಿಗಾದ್ರೂ ಶಾಂತಿ,” ಎಂದ ಭಾವ. ಒಳಗೊಳಗೇ ಹೆದರಿದ್ದ. ಮೀಸೆ ಮೂಡುವ ಮೊದಲಿನಿಂದ ಜೊತೆಗಿದ್ದವನನ್ನು ಬಿಟ್ಟು ಕೆಲಸಕ್ಕೆ ಹೋಗುವುದು ಹೇಗೆಂದೇ ಅವನಿಗೆ ತಿಳಿಯದು.

ಆ ಮನೆಯ ಹಜಾರದ್ದು ಭಾರೀ ಗೋಡೆ. ಊಟ ಮುಗಿಸಿ ಬಂದ ಭಾವ ಅರ್ಧ ಗೋಡೆ ದಾಟಿದ್ದನಷ್ಟೆ, ಭಾಮೈದ ಆಗಷ್ಟೇ ಮುಗಿದ ಹಾಡನ್ನೇ ಮತ್ತೆ ಹಾಕಿದ. ಭಾವನಿಗೆ ಪಿತ್ತ ನೆತ್ತಿಗೇರಿತು. ರೋಲರ್ ಬಿಸಾಕಿ, ಏಣಿ ಇಳಿದು, ಸ್ಪೀಕರ್ ಆಫ್ ಮಾಡಿ, ಗಮಕ ಎಂದರೇನು ಎಂದು ಉಪನ್ಯಾಸಕ್ಕೆ ನಿಂತ. ಅದು ಮುಗಿಯುವಷ್ಟರಲ್ಲಿ ಬಣ್ಣದ ಅಂಚು ಒಣಗಿತ್ತು. ಉಳಿದರ್ಧ ಹೊಡೆದು ಹಿಂದೆ ಸರಿದು ನೋಡಿದರೆ ಗೋಡೆಯ ನಟ್ಟನಡುವೆ ಮೇಲಿಂದ ಕೆಳಗೆ ಒಂದು ಪಟ್ಟೆ. ಅಂಚು ಹಸಿಯಿರುವಾಗಲೇ ಮುಂದಕ್ಕೆ ಎಳೆಯಬೇಕು, ನಡುವೆ ನಿಲ್ಲಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಭಾಮೈದನಿಗೆ ಅದನ್ನು ಕಲಿಸಿದ್ದೂ ಅವನೇ.

“ನಿನ್ನ ಹಾಡಿಂದ ಆದದ್ದು,” ಎಂದ ಭಾವ.

“ಹಾಡು ನಿಂತ ಮೇಲೆ ಆದದ್ದು, ಭಾವ.”

ಇಡೀ ಗೋಡೆಗೆ ಇನ್ನೊಂದು ಕೋಟ್ ಹೊಡೆಯದೆ ಬೇರೆ ದಾರಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಸ್ಪೀಕರನ್ನು ಭಾಮೈದನ ಕಡೆಗೆ ತಳ್ಳಿದ. “ನಿನ್ನದೇ ಹಾಕು.”

“ಬೆಳಿಗ್ಗೆ ನಿಮ್ಮ ಸರದಿ ಅಲ್ವಾ?”

“ಹಾಕು ಅಂದ್ನಲ್ಲ. ನಿನ್ನ ಹಾಡು ನಂಗೆ ಈಗ್ಲೂ ಹಿಡಿಸಲ್ಲ. ನೀನು ಹೋಗೋದು ಅದಕ್ಕಿಂತ ಹಿಡಿಸಲ್ಲ.”

ಭಾಮೈದ ಬ್ರಷ್ ಕೆಳಗಿಟ್ಟು ಕಾಂಟ್ರಾಕ್ಟರಿಗೆ ಫೋನ್ ಮಾಡಿ, ಬರುವುದಕ್ಕಾಗುವುದಿಲ್ಲ ಎಂದು ಹೇಳಿ, ಏಣಿ ತಂದು ಗೋಡೆಗೆ ಒರಗಿಸಿದ.

“ಅಂಚೆಲ್ಲ ನಾನು ಮುಗಿಸ್ಕೊಂಡು ಮುಂದೆ ಹೋಗ್ತಿರ್ತೀನಿ ಭಾವ,” ಎಂದ. “ನೀವು ಮಾತ್ರ ನಡುವೆ ಇಳೀಬೇಡಿ.”