ಮಂಜಿಯಿಂದ ಬಂದ ಕ್ಯಾಪ್ಟನ್

ಉಮ್ಮರಾಕ ನಮ್ಮ ಆಫೀಸಿನೊಳಗೆ ಮಾತಾಡಿದರೆ ಹೊರಗೆ ಕಾರು ನಿಲ್ಲಿಸುತ್ತಿದ್ದವರು ತಿರುಗಿ ನೋಡುತ್ತಿದ್ದರು. ಗಾಳಿಯ ಸದ್ದನ್ನು ಮೀರಿ ಕೂಗಿ ಕೂಗಿ ಬೆಳೆದ ಗಂಟಲು ಅದು. ಏಸಿಯ ತಂಪಿನಲ್ಲಿ, ನಾಲ್ಕು ಕಂಪ್ಯೂಟರುಗಳ ನಡುವೆ ಅದನ್ನು ಎಲ್ಲಿ ಬಚ್ಚಿಡಬೇಕೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. “ಸ್ವಲ್ಪ ಮೆಲ್ಲ ಉಮ್ಮರಾಕ, ಮ್ಯಾನೇಜರ್ ಫೋನಿನಲ್ಲಿದ್ದಾರೆ” ಎಂದರೆ, “ಮೆಲ್ಲವೇ ಅಲ್ವಾ ಮಗಾ ನಾನು ಮಾತಾಡುವುದು?” ಎಂದು ಅದೇ ದನಿಯಲ್ಲಿ ಕೇಳುತ್ತಿದ್ದರು.

ನಾನು ಕಾಪುವಿನವಳು. ಮದುವೆಯಾಗಿ ಕುವೈತಿಗೆ ಬಂದು, ಶುಐಬಾ ಬಂದರಿನ ಒಂದು ಟಗ್ ಕಂಪನಿಯಲ್ಲಿ ಕಾಗದಪತ್ರದ ಕೆಲಸಕ್ಕೆ ಸೇರಿದ್ದೆ. ದೊಡ್ಡ ಹಡಗುಗಳನ್ನು ಎಳೆದು, ದೂಡಿ ದಡಕ್ಕೆ ತರುವ ಪುಟ್ಟ ಗಟ್ಟಿ ದೋಣಿಗಳೇ ಟಗ್ಗುಗಳು. ಅಂಥ ಒಂದರಲ್ಲಿ ಉಮ್ಮರಾಕ ಆಗ ಮೇಟ್, ಅಂದರೆ ಕ್ಯಾಪ್ಟನ್ನಿನ ಕೈಕೆಳಗಿನವರು.

ಉಳ್ಳಾಲದವರು. ಹೆಸರು ಉಮ್ಮರ, ‘ಆಕ’ ನಾವು ಗೌರವಕ್ಕೆ ಸೇರಿಸುತ್ತಿದ್ದದ್ದು. ತಂದೆ ಮಂಗಳೂರಿನ ಹಳೆ ಬಂದರಿನಲ್ಲಿ ಹಂಚು ಹೊರುತ್ತಿದ್ದರಂತೆ. ಮಗ ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಅದೇ ಹಂಚನ್ನು ಲಕ್ಷದ್ವೀಪಕ್ಕೆ ಒಯ್ಯುವ ಮರದ ಹಾಯಿಹಡಗು, ಅಂದರೆ ಮಂಜಿ, ಹತ್ತಿದರು. ಮೊದಲ ಕೆಲಸ, ಮಂಜಿಯ ತಳದಲ್ಲಿ ಸೇರುವ ನೀರು ಎತ್ತಿ ಹೊರಗೆ ಚೆಲ್ಲುವುದು. ಆಮೇಲೆ ಹಾಯಿ, ಆಮೇಲೆ ಚುಕ್ಕಾಣಿ. ಮಂಜಿಗಳಿಗೆಲ್ಲ ಇಂಜಿನ್ ಬಂದ ಕಾಲಕ್ಕೆ ಅವರು ಹಗ್ಗ ಎಳೆಯುವ ಖಲಾಸಿಯಾಗಿ ಇಲ್ಲಿಗೆ ಬಂದರು. “ಇಲ್ಲಿ ಎಲ್ಲರಿಗೂ ವೀಸಾಕ್ಕೆ ಸಹಿ ಹಾಕುವ ಒಬ್ಬ ಕಫೀಲ್ ಉಂಟು” ಎನ್ನುತ್ತಿದ್ದರು. “ಗಾಳಿಗೆ ಮಾತ್ರ ಇಲ್ಲ. ಅದು ಯಾರ ಸಹಿಗೂ ಕಾಯುವುದಿಲ್ಲ.”

ಅದು ನಿಜವಾದದ್ದು ಒಂದು ಜೂನ್ ಮಧ್ಯಾಹ್ನ. ಧೂಳುಗಾಳಿ ಎದ್ದು ಕಿಟಕಿಯಾಚೆ ಎಲ್ಲ ಕಂದು ಬಣ್ಣವಾಗಿತ್ತು. ಇಬ್ಬರು ವೆಲ್ಡರುಗಳಿದ್ದ ಒಂದು ಬಾರ್ಜು ಹಗ್ಗ ಹರಿದುಕೊಂಡು ತೇಲಿಹೋಯಿತು. ಇಂಜಿನ್ ಇಲ್ಲದ ಬರೀ ಕಬ್ಬಿಣದ ತೊಟ್ಟಿ ಅದು. ಅಲೆತಡೆಯ ಕಲ್ಲಿಗೆ ಬಡಿದರೆ ಮುಗಿಯಿತು. ಟಗ್ಗಿನ ಕ್ಯಾಪ್ಟನ್ ಗೋವಾದ ಹಿರಿಯರು. ಅವರು ಬಾರ್ಜನ್ನು ಬೆನ್ನಟ್ಟಲು ಹೊರಟಾಗ ಉಮ್ಮರಾಕ ತಡೆದರು: “ಅದರ ಹಿಂದೆ ಓಡಬೇಡಿ ಸಾಬ್. ಗಾಳಿ ಅದನ್ನು ಎಲ್ಲಿಗೆ ತರುತ್ತದೆಯೋ, ಮೊದಲೇ ಅಲ್ಲಿ ಹೋಗಿ ನಿಲ್ಲುವ.”

ಕ್ಯಾಪ್ಟನ್ ಉಮ್ಮರಾಕನ ಮುಖವನ್ನೊಮ್ಮೆ ನೋಡಿ ಟಗ್ಗು ತಿರುಗಿಸಿದರು. ಏನೂ ಕಾಣದ ಆ ಧೂಳಿನಲ್ಲಿ ಇಪ್ಪತ್ತು ನಿಮಿಷ ಕಾದರಂತೆ. ಬಾರ್ಜು ಉಮ್ಮರಾಕ ಹೇಳಿದ ಕಡೆಗೇ ಬಂತು. ಹಗ್ಗ ಹಾಕಿ ಹಿಡಿದರು. ವೆಲ್ಡರುಗಳಿಬ್ಬರೂ ಬದುಕಿದರು.

ಸಂಜೆ ಕ್ಯಾಪ್ಟನ್ ನನ್ನ ಪಕ್ಕ ಕುಳಿತು ವರದಿ ಹೇಳಿ ಬರೆಸಿದರು. “ಈ ಬುದ್ಧಿ ನನ್ನದಲ್ಲ, ಉಮ್ಮರನದು. ಹಾಗೆಯೇ ಟೈಪ್ ಮಾಡು” ಎಂದರು. ಆ ಒಂದು ಸಾಲಿನಿಂದಾಗಿ ಕಂಪನಿ ಉಮ್ಮರಾಕನನ್ನು ಕ್ಯಾಪ್ಟನ್ ಪರೀಕ್ಷೆಗೆ ಕಳುಹಿಸಿತು.

ಪರೀಕ್ಷೆ ಇಂಗ್ಲಿಷಿನಲ್ಲಿ. ಫೇಲಾದರು. ಆ ದಿನ ನನ್ನ ಮೇಜಿನೆದುರು ನಿಂತು, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು: “ಸಮುದ್ರ ನನ್ನನ್ನು ಯಾವಾಗಲೋ ಪಾಸ್ ಮಾಡಿದೆ ಮಗಾ. ಈ ಕಾಗದವೇ ಬಿಡುವುದಿಲ್ಲ.” ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. “ನಾಳೆ ಊಟದ ಹೊತ್ತಿಗೆ ಪುಸ್ತಕ ತನ್ನಿ” ಎಂದೆ.

ಆ ಚಳಿಗಾಲವಿಡೀ ನಮ್ಮ ಊಟದ ಮೇಜೇ ಸಮುದ್ರ. ಉಪ್ಪಿನ ಡಬ್ಬಿ ಒಂದು ಹಡಗು, ಚಹಾದ ಲೋಟ ಇನ್ನೊಂದು. ಹಡಗುಗಳು ಎದುರಾದಾಗಿನ ನಿಯಮವನ್ನು ನಾನು ಓದಿದರೆ, ಅವರು ಲೋಟವನ್ನು ಬಲಕ್ಕೆ ಸರಿಸಿ, “ಇಷ್ಟೇಯಾ? ಇದನ್ನು ಮಂಜಿ ನಡೆಸುವ ತಂಡೇಲ ಒಂದೇ ಬೈಗುಳದಲ್ಲಿ ಕಲಿಸಿದ್ದ!” ಎನ್ನುತ್ತಿದ್ದರು. ಬೈಗುಳ ಏನೆಂದು ಮಾತ್ರ ಹೇಳಲಿಲ್ಲ.

ಎರಡನೇ ಸಲ ಬರೆದ ಪರೀಕ್ಷೆ ಪಾಸಾಯಿತು. ಬಾಯಿಪರೀಕ್ಷೆಯಲ್ಲಿ ಕೇಳಿದರಂತೆ: “ಕಣ್ಣು ಕಾಣದ ಧೂಳು. ಎದುರಿಗೆ ಯಾವುದೋ ಹಡಗಿನ ಸೀಟಿ. ಏನು ಮಾಡುತ್ತೀರಿ?”

“ನಿಧಾನ ಮಾಡಿ ಕಿವಿ ಕೊಡುತ್ತೇನೆ.”

“ಎಷ್ಟು ಹೊತ್ತು?”

“ಗೊತ್ತಾಗುವವರೆಗೆ.”

ಪರೀಕ್ಷಕರು ನಕ್ಕು ಪುಸ್ತಕ ಮುಚ್ಚಿದರಂತೆ. ಹೆಗಲ ಮೇಲೆ ಕ್ಯಾಪ್ಟನ್ನಿನ ನಾಲ್ಕು ಚಿನ್ನದ ಪಟ್ಟಿಯ ಬಿಳಿ ಅಂಗಿ ತೊಟ್ಟು ಫೋಟೋ ತೆಗೆಸಿ ಊರಿಗೆ ಕಳುಹಿಸಿದರೆ, ಅವರನ್ನು ಹೆತ್ತ ಉಮ್ಮ ಫೋನಿನಲ್ಲಿ ಕೇಳಿದ್ದು ಒಂದೇ: “ಸಮುದ್ರದ ಕೆಲಸಕ್ಕೆ ಬಿಳಿ ಅಂಗಿ ಯಾರು ಕೊಟ್ಟದ್ದು? ಒಗೆಯುವುದು ಯಾರು?” ಇದನ್ನು ಅವರು ಬಂದರಿಗೆಲ್ಲ ಕೇಳುವಂತೆ ಹೇಳಿಕೊಂಡು ನಕ್ಕರು.

ಹನ್ನೊಂದು ವರ್ಷ ಕ್ಯಾಪ್ಟನ್ ಆಗಿದ್ದರು. ಅವರ ಕೆಲಸದ ಕೊನೆಯ ದಿನ ನಾನು ಮಗಳನ್ನೂ ಕರೆದುಕೊಂಡು ದಡಕ್ಕೆ ಹೋಗಿದ್ದೆ. ಅವರ ಟಗ್ಗನ್ನು ಹೊಸ ಕ್ಯಾಪ್ಟನ್ ಮೊದಲ ಸಲ ಒಳಗೆ ತರುತ್ತಿದ್ದ. ಸ್ವಲ್ಪ ಓರೆಯಾಗಿಯೇ ಬಂದ. ಉಮ್ಮರಾಕನ ತುಟಿ ಅಲುಗಿತು, ಆದರೆ ಕೂಗಲಿಲ್ಲ. ಟಗ್ಗಿನಿಂದ ಹಗ್ಗ ಹಾರಿ ಬಂದಾಗ, ದಡದ ಕೆಲಸಗಾರರಿಗಿಂತ ಮುಂಚೆ ತಾವೇ ಬಾಗಿ ಹಿಡಿದು, ಕಬ್ಬಿಣದ ಗೂಟಕ್ಕೆ ಸುತ್ತಿ ಬಿಗಿದರು. “ಅಂಕಲ್, ಯು ಆರ್ ದ ಕ್ಯಾಪ್ಟನ್!” ಎಂದಳು ಮಗಳು.

“ಇವತ್ತು ಅವನು” ಎಂದರು, ಕೈ ಒರೆಸಿಕೊಳ್ಳುತ್ತ. “ಚಂದ ತಂದ. ಯಲ್ಲಾ ಮಗಾ, ಬಾ, ಹಸಿವಾಯಿತು. ಊಟಕ್ಕೆ ಹೋಗುವ.”